ಹಳಿ ಇದೆ, ಗಾಡಿ ಎಷ್ಟೊತ್ತಿಗೆ?

ಓಪನ್‌ಟಿಟಿಡಿ ಎಂಬ ಕಂಪ್ಯೂಟರ್ ಆಟದಲ್ಲಿ ಊರು ಬೆಳೆಯುವುದಕ್ಕೆ ಒಂದು ಲೆಕ್ಕವಿದೆ. ಊರಿನ ವ್ಯಾಪ್ತಿಯಲ್ಲಿರುವ ನಿಲ್ದಾಣಗಳ ಪೈಕಿ, ಕಳೆದ 50 ದಿನಗಳಲ್ಲಿ ಗಾಡಿ ಬಂದು ಜನರನ್ನೋ ಸರಕನ್ನೋ ಹತ್ತಿಸಿಕೊಂಡ ಇಲ್ಲವೇ ಇಳಿಸಿದ ನಿಲ್ದಾಣಗಳನ್ನು ಮಾತ್ರ ಆಟ ಎಣಿಸುತ್ತದೆ. ಅಂಥವು ಒಂದರಿಂದ ಐದರವರೆಗೆ ಹೆಚ್ಚಿದಂತೆ ಊರು ಬೇಗ ಬೇಗ ಬೆಳೆಯುತ್ತದೆ. ಐವತ್ತು ದಿನ ಗಾಡಿ ಸುಳಿಯದ ನಿಲ್ದಾಣದ ಕಟ್ಟಡ ಎಷ್ಟೇ ದೊಡ್ಡದಿರಲಿ, ಪ್ಲಾಟ್‌ಫಾರ್ಮ್ ಎಷ್ಟೇ ಉದ್ದವಿರಲಿ, ಊರಿನ ಬೆಳವಣಿಗೆಯಲ್ಲಿ ಅದರ ಬೆಲೆ ಸೊನ್ನೆ. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ 1994ರಲ್ಲಿ ರೂಪಿಸಿದ ಟ್ರಾನ್ಸ್‌ಪೋರ್ಟ್ ಟೈಕೂನ್ ಆಟವನ್ನು ಆಧರಿಸಿ 2004ರಲ್ಲಿ ಹುಟ್ಟಿದ ಉಚಿತ ಆಟ ಇದು. ಧಾರವಾಡ ಜಿಲ್ಲೆಯ ಅಳ್ನಾವರದಂಥ ಜಂಕ್ಷನ್ ಊರಿನ ಕಡೆಯಿಂದ ನೋಡಿದರೆ, ನಮ್ಮ ರೈಲ್ವೆ ಕುರಿತ ಮುಕ್ಕಾಲುಪಾಲು ಭಾಷಣಗಳಲ್ಲಿ ಕಾಣದ ವಿವೇಕ ಈ ಒಂದು ನಿಯಮದಲ್ಲಿದೆ. ನಾವು ಹಳಿಯ ಕಿಲೋಮೀಟರು, ಕಟ್ಟಡದ ಕೋಟಿ, ಪ್ಲಾಟ್‌ಫಾರ್ಮಿನ ಮೀಟರು ಅಳೆಯುತ್ತೇವೆ. ಆಟ ಗಾಡಿಯ ಓಡಾಟವನ್ನು ಅಳೆಯುತ್ತದೆ. ಊರು ಕಟ್ಟುವ ವಿಷಯದಲ್ಲಿ ಆಟದ ಅಳತೆಗೋಲೇ ಸರಿ ಎಂಬುದು ನನ್ನ ವಾದ.

ಈ ಬಗೆಯ ಆಟಗಳ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ಸಿಡ್ ಮೇಯರ್ ಅವರ ರೈಲ್‌ರೋಡ್ ಟೈಕೂನ್ ಬಂದದ್ದು 1990ರಲ್ಲಿ. ಹಳಿ ಹಾಕು, ಎಂಜಿನ್ ಕೊಳ್ಳು, ಷೇರು ಮಾರು, ಎದುರಾಳಿ ಕಂಪನಿಯನ್ನು ನುಂಗು ಎನ್ನುವ ಅಮೆರಿಕದ ಬಂಡವಾಳಗಾರರ ಕಥೆ ಅದರ ಬೆನ್ನೆಲುಬು. ಅದಕ್ಕೂ ಮೊದಲೇ, 1985ರಲ್ಲಿ, ಜಪಾನಿನ ಆರ್ಟ್‌ಡಿಂಕ್ ಸಂಸ್ಥೆ ಎ-ಟ್ರೇನ್ ಎಂಬ ಸರಣಿಯನ್ನು ಆರಂಭಿಸಿತ್ತು. ಈ ಸರಣಿಯಲ್ಲಿ ಆಟಗಾರ ರೈಲ್ವೆ ಕಂಪನಿಯ ಯಜಮಾನ. ಗೂಡ್ಸ್ ಗಾಡಿಯಲ್ಲಿ ಕಟ್ಟಡ ಸಾಮಗ್ರಿ ತಂದು ನಿಲ್ದಾಣದ ಬಳಿ ಇಳಿಸಿದರೆ ಸುತ್ತ ಮನೆ, ಅಂಗಡಿ, ಕಚೇರಿಗಳು ಏಳುತ್ತವೆ. ಗಾಡಿಯ ವೇಳೆ ಹೊಂದದಿದ್ದರೆ ಖಾಲಿ ಬೋಗಿಗಳು ಓಡಾಡಿ ಕಂಪನಿ ದಿವಾಳಿ. ಇದು ಬರೀ ಕಲ್ಪನೆಯೂ ಅಲ್ಲ. ಒಸಾಕಾದ ಹತ್ತಿರ 1910ರಲ್ಲಿ ಮಿನೋ ಅರಿಮಾ ರೈಲು ಮಾರ್ಗ ಆರಂಭಿಸಿದ ಇಚಿಜೋ ಕೊಬಯಾಶಿ, ಹಳಿಯ ಪಕ್ಕದ ಜಮೀನಿನಲ್ಲಿ ಮನೆ ಕಟ್ಟಿ ಕಂತಿನ ಮೇಲೆ ಮಾರಿದ. ಮಾರ್ಗದ ಆ ತುದಿಯ ತಕರಾಜುಕಾದಲ್ಲಿ ನಾಟಕ ಕಂಪನಿ ಕಟ್ಟಿದ, ಈ ತುದಿಯ ಉಮೆಡಾ ನಿಲ್ದಾಣದಲ್ಲಿ ದೊಡ್ಡ ಬಜಾರು ತೆರೆದ. ಬೆಳಿಗ್ಗೆ ಪೇಟೆಗೆ ಹೋಗುವವರೂ ಭಾನುವಾರ ನಾಟಕಕ್ಕೆ ಹೋಗುವವರೂ ಅವನದೇ ಗಾಡಿ ಹತ್ತಿದರು. ಈಚೆಗೆ, 2022ರಲ್ಲಿ ಬಂದ ಸ್ವೀಟ್ ಟ್ರಾನ್ಸಿಟ್ ಎಂಬ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಜಗತ್ತಿನಲ್ಲಿ ಊರಿಂದೂರಿಗೆ ಹೋಗಲು ರೈಲೊಂದೇ ದಾರಿ, ರೈಲು ತಪ್ಪಿದರೆ ಊರೇ ಸೊರಗುತ್ತದೆ.

ಅಳ್ನಾವರಕ್ಕೆ ಇದು ಹೊಸ ಕಥೆಯಲ್ಲ. 1876-78ರ ಭೀಕರ ಬರದಲ್ಲಿ ದಖ್ಖನ್ನಿನ ಒಳನಾಡಿಗೆ ಧಾನ್ಯ ತಲುಪಿಸಲು ದಾರಿಯಿಲ್ಲದೆ ಲಕ್ಷಾಂತರ ಜನ ಸತ್ತ ಮೇಲೆ ಬ್ರಿಟಿಷ್ ಸರ್ಕಾರ ಒಳನಾಡಿನ ರೈಲು ಮಾರ್ಗಗಳ ಬಗ್ಗೆ ಯೋಚಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಲ್ಲಿ ಪೋರ್ಚುಗೀಸರ ಮಾರ್ಗ ಕೂಡಿ ಮರ್ಮಗೋವಾ ಬಂದರಿಗೆ ಅದು ತಲುಪಿದ್ದು 1880ರ ದಶಕದಲ್ಲಿ. ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಇವತ್ತು ಕರ್ನಾಟಕ ಕಾಲೇಜು ನಡೆಯುವ ಭವ್ಯ ಕಟ್ಟಡವೇ ಅದು. ರೈಲು ಬರುವತನಕ ಹುಬ್ಬಳ್ಳಿ-ಧಾರವಾಡ ಸೀಮೆಯ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ವಿದೇಶಿ ಮಾರುಕಟ್ಟೆಯಲ್ಲಿ ನಮ್ಮ ಹತ್ತಿಗೆ ಕುಮಟಾದ ಹೆಸರೇ ಅಂಟಿಕೊಂಡಿತ್ತು. ರೈಲು ಬಂತು, ಸರಕು ದಿಕ್ಕು ಬದಲಿಸಿತು, ಕುಮಟಾ ಬಂದರು ಮಂಕಾಯಿತು, ಹುಬ್ಬಳ್ಳಿ ವರ್ಕ್‌ಶಾಪಿನ ಊರಾಗಿ ಎದ್ದಿತು. ಇದೇ ಮಾರ್ಗದಿಂದ ದಾಂಡೇಲಿ ಕಾಡಿನ ಕಡೆ ಕವಲು ಒಡೆದಾಗ ಅಳ್ನಾವರ ಜಂಕ್ಷನ್ ಆಯಿತು. ತೇಗದ ದಿಮ್ಮಿಗಳು ಈ ಕವಲಿನಿಂದ ಬಂದವು. ಸ್ವಾತಂತ್ರ್ಯಾನಂತರ, 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಯಲ್ಲಿ ಸ್ಥಾಪನೆಯಾದ ಮೇಲೆ ಕಾಗದದ ಕಾರ್ಖಾನೆಯ ಸರಕೂ ಸೇರಿಕೊಂಡಿತು. ಬಯಲು ಸೀಮೆ ಮುಗಿದು ಮಲೆನಾಡು ಶುರುವಾಗುವ ಸೆರಗಿನಲ್ಲಿರುವ ಈ ಊರು ತಾಲ್ಲೂಕು ಕೇಂದ್ರವಾದದ್ದು ತೀರಾ ಈಚೆಗೆ, 2017ರ ಬಜೆಟ್ ಘೋಷಣೆಯ ನಂತರ. ಸರ್ಕಾರ ಅದನ್ನು ಗುರುತಿಸುವುದಕ್ಕೆ ನೂರು ವರ್ಷ ಮೊದಲೇ ರೈಲು ಗುರುತಿಸಿತ್ತು.

ಹೀಗೆ ಹುಟ್ಟಿದ ದಾಂಡೇಲಿ ಕವಲಿನ ಮುಂದಿನ ಕಥೆಯೇ ನನ್ನ ವಾದದ ಮೊದಲ ಸಾಕ್ಷಿ. 1990ರ ದಶಕದಲ್ಲಿ ಈ ಮಾರ್ಗದ ಪ್ರಯಾಣಿಕರ ಗಾಡಿ ನಿಂತಿತು. ಸರಕಿನ ದೆಸೆಯಿಂದ ಹಳಿ ಉಳಿಯಿತು, ಬ್ರಾಡ್‌ಗೇಜೂ ಆಯಿತು. ಎರಡು ದಶಕಕ್ಕೂ ಹೆಚ್ಚು ಕಾಲದ ಬೇಡಿಕೆಯ ನಂತರ 2019ರ ನವೆಂಬರಿನಲ್ಲಿ, ಆಗ ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿಯವರ ಕಾಲದಲ್ಲಿ, ಅಳ್ನಾವರದಿಂದ ದಾಂಡೇಲಿ ಪಕ್ಕದ ಅಂಬೇವಾಡಿಗೆ ಮತ್ತೆ ಪ್ಯಾಸೆಂಜರ್ ಗಾಡಿ ಓಡಿತು. ಹೂವಿನ ಹಾರ, ಹಸಿರು ಬಾವುಟ, ಸೆಲ್ಫಿ ಎಲ್ಲವೂ ಆದವು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತಾಗ ಇದೂ ನಿಂತಿತು. ದೊಡ್ಡ ಗಾಡಿಗಳು ಒಂದೊಂದಾಗಿ ಮರಳಿ ಬಂದವು. ಈ ಪುಟ್ಟ ಗಾಡಿಗಾಗಿ ಮಾತ್ರ ದಾಂಡೇಲಿಯವರು ಮತ್ತೆ ಮನವಿಪತ್ರ ಹಿಡಿದು ಓಡಾಡಬೇಕಾಯಿತು. ಓಡಿದ ನಾಲ್ಕೈದು ತಿಂಗಳಲ್ಲಿ ಈ ಗಾಡಿ ತನ್ನ ಸುತ್ತ ಏನನ್ನೂ ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಳ್ಳುವಷ್ಟು ಸಲ ಅದು ಓಡಲೂ ಇಲ್ಲ. ವಿರಳವಾಗಿ ಬರುವ ಗಾಡಿಯನ್ನು ನಂಬಿ ಯಾರೂ ಕಾಲೇಜು ಆಯ್ದುಕೊಳ್ಳುವುದಿಲ್ಲ, ಬಾಡಿಗೆ ಮನೆ ಹಿಡಿಯುವುದಿಲ್ಲ, ನಿಲ್ದಾಣದ ಮುಂದೆ ಖಾನಾವಳಿ ತೆರೆಯುವುದಿಲ್ಲ. ದಾಂಡೇಲಿಯ ರೋಗಿಯೊಬ್ಬ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆಯೇ ತಲುಪಬೇಕು, ಸಂಜೆ ಮನೆಗೆ ಮರಳಬೇಕು. ಅವನ ದಿನಕ್ಕೆ ಹೊಂದದ ಗಾಡಿ ಅವನ ಪಾಲಿಗೆ ಇದ್ದೂ ಇಲ್ಲದ್ದೇ. ಆಮೇಲೆ 'ಜನ ಹತ್ತಲಿಲ್ಲ, ನಷ್ಟವಾಯಿತು' ಎಂಬ ಲೆಕ್ಕ ಬರುತ್ತದೆ. ಬೀಜವನ್ನೇ ಬಿತ್ತದೆ ಬೆಳೆ ವಿಮೆಗೆ ಅರ್ಜಿ ಹಾಕಿದಂಥ ಲೆಕ್ಕ ಇದು.

ಎರಡನೆಯ ಸಾಕ್ಷಿ ಅಳ್ನಾವರದ ನಿಲ್ದಾಣವೇ. 2023ರ ಆಗಸ್ಟ್ 6ರಂದು ಅಮೃತ ಭಾರತ ಯೋಜನೆಯಡಿ ದೇಶದ 508 ನಿಲ್ದಾಣಗಳ ಪುನರಭಿವೃದ್ಧಿಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅದರಲ್ಲಿ ಕರ್ನಾಟಕದ ಪಾಲು 13, ಆ ಹದಿಮೂರರಲ್ಲಿ ಅಳ್ನಾವರವೂ ಒಂದು. ಸಣ್ಣ ಊರಿಗೆ ಇದು ಸಂತೋಷದ ಸುದ್ದಿಯೇ. ಮಳೆಗಾಲದಲ್ಲಿ ನೆನೆಯದೆ ನಿಲ್ಲುವ ಸೂರು, ಶೌಚಾಲಯ, ಮುದುಕರು ಹತ್ತಬಲ್ಲ ಮೇಲ್ಸೇತುವೆ ಯಾರಿಗೆ ಬೇಡ? ಆದರೆ ಯೋಜನೆಯ ಪ್ರಚಾರದಲ್ಲೆಲ್ಲ ಕಾಣುವುದು ಮುಂಭಾಗದ ವಿನ್ಯಾಸ, ಕಾಯುವ ಕೊಠಡಿ, ವಾಹನ ನಿಲುಗಡೆ. ಕಾಯುವ ಕೊಠಡಿ ದೊಡ್ಡದಾಗುತ್ತದೆ, ಯಾವ ಗಾಡಿಗಾಗಿ ಕಾಯಬೇಕು ಎಂಬುದು ಮಾತ್ರ ಮೊದಲಿನ ಹಾಗೇ ಉಳಿಯುತ್ತದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದು ಎಂದು ಹೆಮ್ಮೆಪಟ್ಟೆವು. ಅದು ಬರೀ ಪ್ರದರ್ಶನವಲ್ಲ ಎನ್ನಬೇಕು. ಎರಡು ಗಾಡಿಗಳನ್ನು ಒಂದೇ ಪ್ಲಾಟ್‌ಫಾರ್ಮಿನ ಎರಡು ತುದಿಯಿಂದ ಎರಡು ದಿಕ್ಕಿಗೆ ಹೊರಡಿಸುವ ಅನುಕೂಲ ಅದರಲ್ಲಿದೆ. ಆದರೆ ನಮಗೆ ಬಾಯಿಪಾಠವಾದದ್ದು ಮೀಟರಿನ ಅಂಕಿ. ಹುಬ್ಬಳ್ಳಿಯಿಂದ ಅಳ್ನಾವರದ ಕಡೆಗೆ ಅದರಿಂದಾಗಿ ದಿನಕ್ಕೆ ಎಷ್ಟು ಗಾಡಿ ಹೆಚ್ಚು ಬಿಡಬಹುದು ಎಂದು ಯಾರೂ ಕೇಳಲಿಲ್ಲ.

ಓಪನ್‌ಟಿಟಿಡಿಯಲ್ಲಿ ಒಂದು ನಿಲ್ದಾಣಕ್ಕೆ ಎಷ್ಟು ಸರಕು, ಎಷ್ಟು ಜನ ಬರುತ್ತಾರೆ ಎಂಬುದನ್ನು ತೀರ್ಮಾನಿಸುವ ಅಂಕಪಟ್ಟಿಯೊಂದಿದೆ. ಅದರಲ್ಲಿ ಅತಿ ಹೆಚ್ಚು ಅಂಕ, ಶೇ 51ರವರೆಗೆ, ಸಿಗುವುದು ಕೊನೆಯ ಗಾಡಿ ಬಂದುಹೋಗಿ ಎಷ್ಟು ಕಾಲವಾಯಿತು ಎಂಬ ಒಂದೇ ಪ್ರಶ್ನೆಗೆ. ಗಾಡಿಯ ವೇಗಕ್ಕೆ ಹೆಚ್ಚೆಂದರೆ ಶೇ 17. ಗಾಡಿ ಹೊಸದೋ ಹಳೆಯದೋ ಎಂಬುದಕ್ಕೆ ಅದಕ್ಕಿಂತಲೂ ಕಡಿಮೆ. ಊರಲ್ಲಿ ಕಂಪನಿ ಯಜಮಾನನ ಪ್ರತಿಮೆ ನಿಲ್ಲಿಸಿದರೆ ಶೇ 10. ಆ ಒಂದು ವಿಷಯದಲ್ಲಿ ಆಟ ನಮ್ಮ ರಾಜಕಾರಣವನ್ನು ಚೆನ್ನಾಗಿಯೇ ಅರಿತಿದೆ ಎನ್ನಬೇಕು. ನಾವು ಹಾಕುವ ಅಂಕಗಳು ಇದಕ್ಕೆ ತಿರುಗುಮುರುಗು. ಅಳ್ನಾವರದ ಹಳಿಯ ಮೇಲೆ ಈಗ ವಂದೇ ಭಾರತ್ ಗಾಡಿಗಳೂ ಓಡುತ್ತವೆ. ಪುಣೆ-ಹುಬ್ಬಳ್ಳಿ ವಂದೇ ಭಾರತ್ 2024ರಲ್ಲಿ, ಬೆಂಗಳೂರು-ಬೆಳಗಾವಿಯದು 2025ರಲ್ಲಿ ಶುರುವಾದವು. ಧಾರವಾಡ ಬಿಟ್ಟರೆ ಅವು ನಿಲ್ಲುವುದು ಬೆಳಗಾವಿಯಲ್ಲೇ. ದೂರದ ಗಾಡಿ ಪ್ರತಿ ಊರಲ್ಲಿ ನಿಲ್ಲಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಹಾಗೆ ನಿಂತರೆ ಅದು ದೂರದ ಗಾಡಿಯೇ ಅಲ್ಲ. ಆದರೆ ವೇಗದ ಗಾಡಿ ಧಾರವಾಡ ಮುಟ್ಟಿದ ಹತ್ತು ನಿಮಿಷಕ್ಕೆ ಮುಗದ, ಕಂಬಾರಗಣವಿ, ಅಳ್ನಾವರ, ತಾವರಗಟ್ಟಿ ಕಡೆಗೆ ಹೊರಡುವ ಪುಟ್ಟ ಗಾಡಿಯೊಂದು ಇದ್ದರೆ ಬೆಂಗಳೂರಿನಿಂದ ಉಳಿಸಿದ ಸಮಯ ಹಳ್ಳಿಯ ತನಕ ತಲುಪುತ್ತದೆ. ಅದಿಲ್ಲದಿದ್ದರೆ ಉಳಿಸಿದ ಗಂಟೆಯನ್ನು ಧಾರವಾಡದ ಬಸ್ ನಿಲ್ದಾಣದಲ್ಲಿ ನಿಂತು ಕಳೆಯಬೇಕು.

ಓಡಾಟ ಹೆಚ್ಚಿದರೆ ಜನ ಬರುತ್ತಾರೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿಲೋಮೀಟರಿನ, ಬಸ್ಸಿಗೆ ಮೀಸಲಾದ ಬಿಆರ್‌ಟಿಎಸ್ ದಾರಿಯಲ್ಲಿ 2018ರಿಂದ ಚಿಗರಿ ಬಸ್ಸುಗಳು ಓಡುತ್ತಿವೆ. ಅದರ ಬಗ್ಗೆ ಇರುವ ದೂರುಗಳು ಒಂದೆರಡಲ್ಲ: ಮಳೆ ಬಂದರೆ ನಿಲ್ಲುವ ನೀರು, ಉಳಿದ ವಾಹನಗಳಿಗೆ ಇಕ್ಕಟ್ಟಾದ ರಸ್ತೆ, ದುರಸ್ತಿಗೆ ಕಾದ ಬಸ್ಸು. ಆದರೂ ಚಿಗರಿಗೆ ಹೋಗುವವರು ವೇಳಾಪಟ್ಟಿ ನೋಡುವುದಿಲ್ಲ. ನಿಲ್ದಾಣಕ್ಕೆ ಹೋದರೆ ಬಸ್ಸು ಸಿಗುತ್ತದೆ ಎಂಬ ನಂಬಿಕೆಯೇ ಆ ಸೇವೆಯ ಬಂಡವಾಳ. ಹುಬ್ಬಳ್ಳಿಯಲ್ಲಿ ನೌಕರಿ, ಧಾರವಾಡದಲ್ಲಿ ಮನೆ ಎಂಬ ಬದುಕನ್ನು ಸಾವಿರಾರು ಜನ ಯೋಚನೆಯಿಲ್ಲದೆ ನಡೆಸುವುದು ಈ ನಂಬಿಕೆಯ ಮೇಲೆ. ಧಾರವಾಡದಿಂದ ಅಳ್ನಾವರಕ್ಕೆ ರಸ್ತೆಯಲ್ಲಿ 35 ಕಿಲೋಮೀಟರಿನ ಆಸುಪಾಸು. ಹುಬ್ಬಳ್ಳಿ-ಧಾರವಾಡದ ದೂರಕ್ಕಿಂತ ಅದು ಬಹಳ ಹೆಚ್ಚೇನಲ್ಲ. ಆದರೆ ಮನಸ್ಸಿನಲ್ಲಿ ಅಳ್ನಾವರ ದೂರದ ಊರು, ಹುಬ್ಬಳ್ಳಿ ಪಕ್ಕದ ಊರು. ಈ ಅಂತರವನ್ನು ಮಾಡಿದ್ದು ಗಾಡಿಗಳ ಓಡಾಟ.

ವೇಳಾಪಟ್ಟಿಯಿಂದಲೇ ದೇಶ ಕಟ್ಟಿದ ನಿದರ್ಶನ ಸ್ವಿಟ್ಜರ್‌ಲೆಂಡಿನದು. ಅಲ್ಲಿ 1982ರಲ್ಲಿ, ಮುಖ್ಯ ಮಾರ್ಗಗಳ ಗಾಡಿಗಳು ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಹೊರಡುವ ಪದ್ಧತಿ ತಂದರು. ಆಮೇಲೆ ದೊಡ್ಡ ಯೋಜನೆಯೊಂದನ್ನು ರೂಪಿಸಿದರು: ಪ್ರತಿ ಜಂಕ್ಷನ್ನಿಗೆ ಎಲ್ಲ ದಿಕ್ಕಿನ ಗಾಡಿಗಳು ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬರಬೇಕು, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಹೊರಡಬೇಕು; ನಡುವೆ ಜನ ಗಾಡಿ ಬದಲಿಸಬೇಕು. ಹಾಗಾಗಬೇಕಾದರೆ ಎರಡು ಜಂಕ್ಷನ್ ನಡುವಿನ ಪಯಣ ಒಂದು ಗಂಟೆಗೆ ತುಸು ಕಡಿಮೆ ಇರಬೇಕು. ಜೂರಿಕ್‌ನಿಂದ ಬರ್ನ್‌ಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಆದ್ದರಿಂದ ಅಲ್ಲಿ ಹೊಸ ಹಳಿ ಹಾಕಿದರು. ಗಂಟೆಯೊಳಗೆ ಮುಟ್ಟುವ ಕಡೆ ವೇಗ ಹೆಚ್ಚಿಸುವ ಗೋಜಿಗೇ ಹೋಗಲಿಲ್ಲ. ಅಂದರೆ ಮೊದಲು ವೇಳಾಪಟ್ಟಿ ಬರೆದರು, ಎಲ್ಲಿ ಹಳಿ ಬೇಕು ಎಂಬುದನ್ನು ಆ ಪಟ್ಟಿಯೇ ಹೇಳಿತು. 1987ರ ಡಿಸೆಂಬರಿನಲ್ಲಿ ಜನಮತಗಣನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, 2004ರ ಡಿಸೆಂಬರಿನಲ್ಲಿ ಹೊಸ ಪಟ್ಟಿ ಜಾರಿಗೆ ಬಂತು. ನಮ್ಮಲ್ಲಿ ಈ ಕ್ರಮವೇ ಉಲ್ಟಾ. ಮೊದಲು ಹಳಿಯ ಘೋಷಣೆ, ಆಮೇಲೆ ಸರ್ವೆ, ಆಮೇಲೆ ಶಂಕುಸ್ಥಾಪನೆ, ಎಲ್ಲ ಮುಗಿದ ಮೇಲೆ ಇದರ ಮೇಲೆ ಯಾವ ಗಾಡಿ ಬಿಡೋಣ ಎಂಬ ಯೋಚನೆ. ಭಾರತೀಯ ರೈಲ್ವೆಗೆ ವೇಳಾಪಟ್ಟಿ ಬರೆಯುವ ಶಕ್ತಿ ಇಲ್ಲವೆಂದಲ್ಲ. ಕೋವಿಡ್ ಕಾಲದಲ್ಲಿ ಬಾಂಬೆ ಐಐಟಿಯ ನೆರವಿನಿಂದ ಇಡೀ ದೇಶದ ಪಟ್ಟಿಯನ್ನು ಸೊನ್ನೆಯಿಂದ ಬರೆಯುವ ಕೆಲಸಕ್ಕೆ ಅದು ಕೈಹಾಕಿತು. ಆದರೆ ಆ ಲೆಕ್ಕದಲ್ಲಿ ಎಷ್ಟೋ ಸಣ್ಣ ನಿಲುಗಡೆಗಳು ಕಳಚಿಬಿದ್ದವು. ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ಎಂಬ ಹಣೆಪಟ್ಟಿ ಹಚ್ಚಿ ಹತ್ತು ರೂಪಾಯಿಯ ಕನಿಷ್ಠ ದರವನ್ನು ಮೂವತ್ತಕ್ಕೆ ಏರಿಸಿ, 2024ರಲ್ಲಿ ಮತ್ತೆ ಇಳಿಸಲಾಯಿತು. ಲೆಕ್ಕ ಹಾಕುವ ಬುದ್ಧಿ ಇತ್ತು, ಯಾರ ಪರವಾಗಿ ಹಾಕಬೇಕು ಎಂಬ ಪ್ರಶ್ನೆ ಇರಲಿಲ್ಲ.

ಈಗ ಆಕ್ಷೇಪಗಳ ಮಾತು. ಮೊದಲನೆಯದು ದೊಡ್ಡದು: ಆಟದಲ್ಲಿ 'ಬೇಡ' ಎನ್ನುವ ಹೊಲದವನೂ ಇಲ್ಲ, ನ್ಯಾಯಾಲಯವೂ ಇಲ್ಲ. ಆಟಗಾರ ಎರಡು ಊರಿನ ನಡುವೆ ಗೆರೆ ಎಳೆದರೆ ಹಳಿ ಬಿತ್ತು. ಅಡ್ಡ ಬಂದ ಮರ, ಹೊಲ, ಮನೆ ಒಂದಿಷ್ಟು ಹಣಕ್ಕೆ ಮಾಯ. ಇದು ನಿಜ, ಈ ಆಟಗಳ ದೊಡ್ಡ ದೋಷವೂ ಹೌದು. 1989ರ ಸಿಮ್‌ಸಿಟಿ ಎಂಬ ನಗರ ಕಟ್ಟುವ ಆಟಕ್ಕೆ ಅದನ್ನು ರೂಪಿಸಿದ ವಿಲ್ ರೈಟ್ ಪ್ರೇರಣೆ ಪಡೆದದ್ದು ಜೇ ಫಾರೆಸ್ಟರ್ ಅವರ ನಗರ ಮಾದರಿಗಳಿಂದ. ಆ ಮಾದರಿಗಳ ಪೂರ್ವಗ್ರಹಗಳು ಆಡುವವರಿಗೆ ಕಾಣದಂತೆ ಆಟದೊಳಗೆ ಇಳಿದಿವೆ ಎಂಬ ಟೀಕೆ ಹಳೆಯದು. ನಮ್ಮ ಭಾಗದ ಮೂರು ಮಾರ್ಗಗಳನ್ನು ನೋಡಿದರೆ ಆಟ ಏನನ್ನು ಮರೆಮಾಡುತ್ತದೆ ಎಂಬುದು ತಿಳಿಯುತ್ತದೆ. ಅಳ್ನಾವರ-ಲೋಂಡಾ ಸುತ್ತು ತಪ್ಪಿಸಿ ಕಿತ್ತೂರಿನ ಮೇಲೆ ಧಾರವಾಡ-ಬೆಳಗಾವಿ ಜೋಡಿಸುವ 73 ಕಿಲೋಮೀಟರಿನ ನೇರ ಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ಸಿಕ್ಕಿತು. ನಂದಿಹಳ್ಳಿ, ದೇಸೂರು, ಗರ್ಲಗುಂಜಿ ಕಡೆಯ ರೈತರು ಫಲವತ್ತಾದ ಭೂಮಿ ಕೊಡಲಾರೆವು, ಮಾರ್ಗ ಬದಲಿಸಿ ಎಂದರು. ಕಲಘಟಗಿ ಮೇಲೆ ಹೋಗಬೇಕಾದ 164 ಕಿಲೋಮೀಟರಿನ ಹುಬ್ಬಳ್ಳಿ-ಅಂಕೋಲಾ ಮಾರ್ಗ 1990ರ ದಶಕದ ಕನಸು. ಎರಡು ಲಕ್ಷಕ್ಕೂ ಹೆಚ್ಚು ಮರ ಕಡಿಯಬೇಕೆಂಬ ಅಂದಾಜಿನ ಆ ಯೋಜನೆಗೆ 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು, ಅದೇ ವರ್ಷದ ಜೂನಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ತಿನೈಘಾಟ್-ಕ್ಯಾಸಲ್‌ರಾಕ್-ಕುಳೆಂ ಘಟ್ಟದಲ್ಲಿ, 37 ಅಡಿಗೆ ಒಂದಡಿ ಏರುವ ಇಳಿಜಾರಿನಲ್ಲಿ, ಎರಡನೇ ಹಳಿ ಹಾಕಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಹೊಲದವನ ಮಾತು, ಕಾಡಿನ ಮಾತು, ನ್ಯಾಯಾಲಯದ ಮಾತು ಆಟದಲ್ಲಿಲ್ಲ.

ಒಪ್ಪಿದೆ. ಆದರೆ ಈ ಆಕ್ಷೇಪ ಆಟದ ಯಾವ ಭಾಗಕ್ಕೆ ತಗಲುತ್ತದೆ ಎಂದು ನೋಡಬೇಕು. ಆಟದಲ್ಲಿ ಎರಡು ಕೆಲಸಗಳಿವೆ: ಕಟ್ಟುವುದು, ನಡೆಸುವುದು. ಸುಳ್ಳು ಇರುವುದು ಕಟ್ಟುವ ಭಾಗದಲ್ಲಿ. ನಡೆಸುವ ಭಾಗ, ಅಂದರೆ ಇದ್ದ ಹಳಿಯ ಮೇಲೆ ಯಾವ ಗಾಡಿಯನ್ನು ಎಷ್ಟೊತ್ತಿಗೆ ಬಿಟ್ಟರೆ ಯಾರಿಗೆ ಅನುಕೂಲ ಎಂಬುದು, ಬಹುಮಟ್ಟಿಗೆ ನಿಜಕ್ಕೆ ಹತ್ತಿರ. ಹೊಸ ಹಳಿಗೆ ಭೂಮಿ ಸಿಗುವುದು ಕಷ್ಟವಾದಷ್ಟೂ, ಕಾಡು ಕಡಿಯುವುದು ತಪ್ಪೆಂದು ನ್ಯಾಯಾಲಯ ಹೇಳಿದಷ್ಟೂ ಇದ್ದ ಹಳಿಯನ್ನು ಚೆನ್ನಾಗಿ ನಡೆಸುವ ಕೆಲಸದ ಬೆಲೆ ಏರುತ್ತದೆ. ಹುಬ್ಬಳ್ಳಿ-ಲೋಂಡಾ ಮಾರ್ಗದ ಬಹುಪಾಲು ಈಗ ಜೋಡಿಹಳಿಯಾಗಿದೆ. ಅಂಬೇವಾಡಿಯ ಕವಲಿನಲ್ಲಿ ಹಳಿ ಇದ್ದೇ ಇದೆ. ಇಲ್ಲಿ ಒಂದು ಗಾಡಿ ಹೆಚ್ಚು ಓಡಿಸಲು ಯಾರ ಹೊಲವನ್ನೂ ಕೇಳಬೇಕಿಲ್ಲ, ಒಂದು ಮರವನ್ನೂ ಕಡಿಯಬೇಕಿಲ್ಲ. ಕಿತ್ತೂರಿನ ನೇರ ಮಾರ್ಗ ಮುಂದೊಂದು ದಿನ ಆದರೆ ದೂರದ ಗಾಡಿಗಳು ಅತ್ತ ಹೊರಳುತ್ತವೆ, ಅಳ್ನಾವರದ ಹಳಿ ಇನ್ನಷ್ಟು ಬಿಡುವಾಗುತ್ತದೆ. ಅಂದು ಈ ಊರು ಕುಮಟಾ ಬಂದರಿನ ಹಾಗೆ ಮಂಕಾಗುತ್ತದೋ, ಬಿಡುವಾದ ಹಳಿಯ ಮೇಲೆ ಊರಿಂದೂರಿಗೆ ಓಡುವ ಗಾಡಿಗಳನ್ನು ಪಡೆದು ಚಿಗುರುತ್ತದೋ ಎಂಬುದು ಪೂರ್ತಿ ವೇಳಾಪಟ್ಟಿಯ ಪ್ರಶ್ನೆ. ಅದರ ಬಗ್ಗೆ ಅಳ್ನಾವರದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಚರ್ಚೆ ಈಗಲೇ ಆಗಬೇಕು.

ಎರಡನೆಯ ಆಕ್ಷೇಪ ರೈಲ್ವೆ ಅಧಿಕಾರಿಗಳದು: ನಮಗೆ ಹೊಟ್ಟೆ ತುಂಬಿಸುವುದು ಗೂಡ್ಸ್ ಗಾಡಿ. ಮರ್ಮಗೋವಾದಲ್ಲಿ ಇಳಿಯುವ ಕಲ್ಲಿದ್ದಲು ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವುದು ಇದೇ ಮಾರ್ಗದಲ್ಲಿ, ಅಳ್ನಾವರ ದಾಟಿ. ಒಂದು ರೇಕ್, ಅಂದರೆ ಒಂದಿಡೀ ಗೂಡ್ಸ್ ಗಾಡಿ, ಕಲ್ಲಿದ್ದಲು ತರುವ ಆದಾಯದ ಮುಂದೆ ಹತ್ತು ರೂಪಾಯಿ ಟಿಕೆಟಿನ ಪ್ಯಾಸೆಂಜರ್ ಏನೇನೂ ಅಲ್ಲ. ಪ್ರಯಾಣಿಕರ ಗಾಡಿಯ ನಷ್ಟವನ್ನು ತುಂಬುವುದೂ ಸರಕಿನ ಲಾಭವೇ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಆಟದಲ್ಲೂ ಹಾಗೇ, ಕಲ್ಲಿದ್ದಲಿನ ಗಾಡಿಯಿಂದಲೇ ಹೊಸಬರು ಮೊದಲ ಕಾಸು ಕಾಣುವುದು. ಆದರೆ ಆಟ ಇನ್ನೂ ಒಂದನ್ನು ತೋರಿಸುತ್ತದೆ. ಊರಲ್ಲಿ ನಿಲ್ಲದೆ ಕಲ್ಲಿದ್ದಲು ಸಾಗಿಸಿದರೆ ಕಂಪನಿ ಬೆಳೆಯುತ್ತದೆ, ಊರು ಬೆಳೆಯುವುದಿಲ್ಲ. ಗಣಿಗೂ ಕಾರ್ಖಾನೆಗೂ ನಡುವಿನ ಊರು ಹೊಗೆ ಕುಡಿದುಕೊಂಡು ಇದ್ದ ಹಾಗೇ ಇರುತ್ತದೆ. ಸರಕು ಹಾದುಹೋಗುವ ಊರಿಗೆ ಅದರ ಆದಾಯದಲ್ಲಿ ಪಾಲು ಸಿಗುವುದು ಹೇಗೆ? ನಗದಾಗಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಆ ಊರಿನವರು ಹತ್ತಬಲ್ಲ ಗಾಡಿಯ ರೂಪದಲ್ಲಿ ಸಿಗಬೇಕು. ಎರಡು ರೇಕುಗಳ ನಡುವೆ ಪ್ಯಾಸೆಂಜರಿಗೆ ಇಪ್ಪತ್ತು ನಿಮಿಷದ ಜಾಗ ಬಿಡುವುದು ಜೋಡಿಹಳಿಯಲ್ಲಿ ಅಸಾಧ್ಯವಾದ ಮಾತಲ್ಲ. ಬಿಡಲಾಗದಿದ್ದರೆ ಯಾವ ಹೊತ್ತಿನಲ್ಲಿ, ಎಷ್ಟು ಸರಕಿನ ಕಾರಣಕ್ಕೆ ಎಂದು ಹೇಳುವ ಹೊಣೆಯಾದರೂ ನೈರುತ್ಯ ರೈಲ್ವೆಯ ಮೇಲಿದೆ. ಆಟಗಾರನಿಗೆ ತನ್ನ ಹಳಿಯ ಯಾವ ತುಂಡು ಯಾವ ಹೊತ್ತಿಗೆ ಖಾಲಿ ಎಂಬುದು ಪರದೆಯ ಮೇಲೆ ಕಾಣುತ್ತದೆ. ತೆರಿಗೆ ಕಟ್ಟುವ ನಾಗರಿಕನಿಗೆ ಕಾಣುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಅದು ಬರುವುದು ಅಳ್ನಾವರದ ಬಸ್ ನಿಲ್ದಾಣದಿಂದ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ದುಡ್ಡೇ ಇಲ್ಲ. ಉಳಿದವರಿಗೆ ಕ್ರೂಸರ್, ಟಂಟಂ, ಸ್ವಂತ ಬೈಕು. ಊರ ನಡುವೆ ಸಿಗುವ ಪುಕ್ಕಟೆ ಬಸ್ಸು ಬಿಟ್ಟು ನಿಲ್ದಾಣದ ತನಕ ನಡೆದು ದುಡ್ಡು ಕೊಟ್ಟು ಗಾಡಿ ಯಾರು ಹತ್ತುತ್ತಾರೆ? ಇದಕ್ಕೆ ಉತ್ತರ ಬಸ್ಸಿಗೂ ರೈಲಿಗೂ ಜಗಳ ಹಚ್ಚುವುದರಲ್ಲಿ ಇಲ್ಲ. ಶಕ್ತಿ ಬಂದ ಮೇಲೆ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಂತಾದದ್ದು ನಮಗೆ ಹೇಳುವುದು ಒಂದೇ: ಹಳ್ಳಿಗಳಲ್ಲಿ ಓಡಾಡಬೇಕೆಂಬ ಆಸೆ, ಅಗತ್ಯ ಎರಡೂ ಇದ್ದವು, ಅವಕಾಶ ಇರಲಿಲ್ಲ. ಆ ತುಂಬಿದ ಬಸ್ಸು ಹಳಿಯಾಳ ಕಡೆಯ ಹಳ್ಳಿಗಳಿಂದ ಜನರನ್ನು ಅಳ್ನಾವರ ನಿಲ್ದಾಣಕ್ಕೆ ತಂದು ಬಿಟ್ಟರೆ, ಅಲ್ಲಿಂದ ಮುಂದೆ ಧಾರವಾಡ, ಹುಬ್ಬಳ್ಳಿಗೆ ಒಂದು ಗಾಡಿ ಹತ್ತಾರು ಬಸ್ಸಿನ ಜನರನ್ನು ಒಯ್ಯಬಲ್ಲದು. ಹಾಗೆ ಬಿಡುವಾದ ಬಸ್ಸು ರೈಲೇ ಇಲ್ಲದ ಊರಿಗೆ ಹೋಗಬಲ್ಲದು. ಆಟದಲ್ಲಿ ಇದು ಹೊಸಬ ಮೊದಲ ವಾರ ಕಲಿಯುವ ಪಾಠ: ಬಸ್ಸು ಹಳ್ಳಿಯಿಂದ ನಿಲ್ದಾಣಕ್ಕೆ, ರೈಲು ನಿಲ್ದಾಣದಿಂದ ಪೇಟೆಗೆ. ಆಟಗಾರ ಇದನ್ನು ಸುಲಭವಾಗಿ ಮಾಡಬಲ್ಲ, ಏಕೆಂದರೆ ಬಸ್ಸೂ ರೈಲೂ ಅವನದೇ. ಅಳ್ನಾವರದಲ್ಲಿ ಬಸ್ಸು ವಾಯವ್ಯ ಸಾರಿಗೆ ಸಂಸ್ಥೆಯದು, ಗಾಡಿ ಕೇಂದ್ರದ ನೈರುತ್ಯ ರೈಲ್ವೆಯದು, ನಿಲ್ದಾಣದ ಹೊರಗಿನ ರಸ್ತೆ, ದೀಪ ಪಟ್ಟಣ ಪಂಚಾಯಿತಿಯದು. ಬಸ್ಸಿನ ಸಂಸ್ಥೆಯ ಮುಖ್ಯ ಕಚೇರಿಯೂ ರೈಲ್ವೆ ವಲಯದ ಮುಖ್ಯ ಕಚೇರಿಯೂ ಇರುವುದು ಹುಬ್ಬಳ್ಳಿಯಲ್ಲೇ. ಎರಡೂ ಕಡೆಯವರು ಒಂದು ಮಧ್ಯಾಹ್ನ ಒಂದೇ ಮೇಜಿಗೆ ಕೂತು ತಮ್ಮ ತಮ್ಮ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ.

ಬೇಡಿಕೆ ಇಡುವ ನಮ್ಮ ರೀತಿಯೂ ಬದಲಾಗಬೇಕು. ಸಂಸದರಿಗೆ, ವಿಭಾಗೀಯ ವ್ಯವಸ್ಥಾಪಕರಿಗೆ ಕೊಡುವ ಮನವಿಗಳಲ್ಲಿ ಸಾಮಾನ್ಯವಾಗಿ ಇರುವುದು 'ಹೊಸ ರೈಲು ಬಿಡಬೇಕು', 'ನಿಲುಗಡೆ ಕೊಡಬೇಕು', 'ನಿಲ್ದಾಣ ಮೇಲ್ದರ್ಜೆಗೆ ಏರಿಸಬೇಕು' ಎಂಬ ಮೂರು ಸಾಲು. ಇವಕ್ಕೆ 'ಪರಿಶೀಲಿಸಲಾಗುವುದು' ಎಂದು ಉತ್ತರ ಬರೆಯುವುದು ಸುಲಭ. ಅದರ ಬದಲು ಅಂಬೇವಾಡಿಯಿಂದ ಹೊರಟ ಗಾಡಿ ಬೆಳಿಗ್ಗೆ ಕಾಲೇಜು, ಕಚೇರಿ, ಆಸ್ಪತ್ರೆ ತೆರೆಯುವ ಮುಂಚೆ ಧಾರವಾಡ-ಹುಬ್ಬಳ್ಳಿ ಮುಟ್ಟಬೇಕು, ಸಂಜೆ ಅವೆಲ್ಲ ಮುಗಿದ ಮೇಲೆ ಮರಳಬೇಕು, ಮಧ್ಯಾಹ್ನ ಒಂದು ಸುತ್ತು ಇರಬೇಕು ಎಂದು ಬರೆಯಬಹುದು. ಅಳ್ನಾವರದಲ್ಲಿ ಬೆಳಗಾವಿ ಕಡೆಯ ಯಾವ ಗಾಡಿಗೆ ಎಷ್ಟು ನಿಮಿಷದ ಅಂತರದಲ್ಲಿ ಕನೆಕ್ಷನ್ ಸಿಗಬೇಕು, ಹಳಿಯಾಳದ ಯಾವ ಬಸ್ಸು ಅದಕ್ಕೆ ಹೊಂದಬೇಕು ಎಂದು ಗಂಟೆ-ನಿಮಿಷ ಸಮೇತ ಕಾಣಿಸಬಹುದು. ಐದು ತಿಂಗಳಿಗೆ ನಿಲ್ಲಿಸದೆ ಮೂರು ವರ್ಷ ಪಟ್ಟಿ ಬದಲಿಸದೆ ಓಡಿಸಿ, ಆಮೇಲೆ ಲಾಭ-ನಷ್ಟದ ಲೆಕ್ಕ ತೋರಿಸಿ ಎಂದು ಕೇಳಬಹುದು. ಇಂಥ ಮನವಿಗೆ 'ಆಗುತ್ತದೆ' ಅಥವಾ 'ಈ ಕಾರಣಕ್ಕೆ ಆಗುವುದಿಲ್ಲ' ಎಂದೇ ಉತ್ತರಿಸಬೇಕಾಗುತ್ತದೆ. ಪಟ್ಟಿ ಬರೆಯಲು ಪರಿಣತರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಮೊಬೈಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಸಿಗ್ನಲ್ಲು, ಕ್ರಾಸಿಂಗು, ಖಾಲಿ ಬೋಗಿ ಎಂದು ತಲೆ ಕೆಡಿಸಿಕೊಂಡು ಮನೆಯವರಿಂದ ಬೈಸಿಕೊಳ್ಳುವ ಹುಡುಗ-ಹುಡುಗಿಯರು ಅಳ್ನಾವರದಲ್ಲೂ ದಾಂಡೇಲಿಯಲ್ಲೂ ಇದ್ದಾರು. ಮುಂದಿನ ಮನವಿಯ ಕರಡನ್ನು ಒಮ್ಮೆ ಅವರ ಕೈಗೆ ಕೊಟ್ಟು ನೋಡಬಹುದು.